ಯಾರ ರಜೆಗೆ ಯಾರ ಸಿನಿಮಾ?

2025ರ ಏಪ್ರಿಲ್ ಮೊದಲ ವಾರ ನಮ್ಮ ಕೇರಿಯ ಬೇವಿನ ಮರದ ಕೆಳಗೆ ಅಂಬೇಡ್ಕರ್ ಜಯಂತಿಯ ಮೀಟಿಂಗು ಸೇರಿತ್ತು. ಮನೆಗಿಷ್ಟು ಅಂತ ಚಂದಾ, ಶಾಮಿಯಾನ, ಮೈಕು, ಊಟಕ್ಕೆ ಎಷ್ಟು ಸೇರು ಅಕ್ಕಿ, ಇವೆಲ್ಲ ಅರ್ಧ ಗಂಟೆಯಲ್ಲಿ ತೀರ್ಮಾನವಾದವು. ಊಟ ಆದ ಮೇಲೆ ಪರದೆ ಕಟ್ಟಿ ಒಂದು ಸಿನಿಮಾ ತೋರಿಸೋಣ ಅಂತ ಯಾರೋ ಅಂದರು ನೋಡಿ, ಅಲ್ಲಿಂದ ಶುರುವಾದ ಜಗಳ ರಾತ್ರಿ ಹನ್ನೊಂದಾದರೂ ಮುಗಿಯಲಿಲ್ಲ.

ಹುಡುಗರು 'ಕೆಜಿಎಫ್' ಎರಡನೇ ಭಾಗ ಅಂದರು. ನಮ್ಮದು ಗಣಿಗೆ ಹತ್ತು ಮೈಲಿ ದೂರದ ಊರು, ಆ ಹೆಸರು ನಮಗೆ ಮನೆಯ ಹೆಸರಿದ್ದ ಹಾಗೆ. ಹಿರಿಯರು ಜಬ್ಬಾರ್ ಪಟೇಲರ 'ಡಾ. ಬಾಬಾಸಾಹೇಬ್ ಅಂಬೇಡ್ಕರ್' ಆಗಬೇಕು ಅಂತ ಪಟ್ಟು ಹಿಡಿದರು. ರಿಟೈರಾದ ಮೇಷ್ಟ್ರೊಬ್ಬರು 'ಚೋಮನ ದುಡಿ'ಯ ಹೆಸರು ಹೇಳಿದರು. ಅದಕ್ಕೆ ಒಬ್ಬ ಹುಡುಗ, "ಮೇಷ್ಟ್ರೇ, ಬಾಬಾಸಾಹೇಬ್ರು ಹುಟ್ಟಿದ ದಿನ ನಮ್ ಹೆಣ ತೋರಿಸ್ತೀರಾ?" ಅಂದ. ಮೇಷ್ಟ್ರಿಗೆ ಸಿಟ್ಟು ಬಂತು. ಇಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಸಂಘದ ಅಕ್ಕ ಒಬ್ಬಳು, "'ಜೈ ಭೀಮ್' ಹಾಕ್ರಪ್ಪ. ಆದ್ರೆ ನಾವು ಪಾತ್ರೆ ತೊಳ್ಕೊಂಡು ಬರೋವರ್ಗೂ ಶುರು ಮಾಡ್ಬೇಡಿ. ಪ್ರತಿ ವರ್ಷ ನಮಗೆ ಸಿಗೋದು ಕೊನೇ ಅರ್ಧಾನೇ" ಅಂದಳು. ಆ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಜಗಳ ಮತ್ತೆ ಸಿನಿಮಾದ ಹೆಸರಿಗೇ ಹೋಯಿತು. ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಮಾತ್ರ ಅವಳ ಮಾತು.

ರಜೆಯ ದಿನಕ್ಕೆ ಒಪ್ಪುವ ಸಿನಿಮಾ ಯಾವುದು ಎಂಬ ಜಗಳ ನಮ್ಮ ಕೇರಿಯದು ಮಾತ್ರವಲ್ಲ. ಅಮೆರಿಕದವರು ಪ್ರತಿ ಡಿಸೆಂಬರಿನಲ್ಲೂ 'ಡೈ ಹಾರ್ಡ್' ಕ್ರಿಸ್‌ಮಸ್ ಸಿನಿಮಾ ಹೌದೋ ಅಲ್ಲವೋ ಅಂತ ವಾದ ಮಾಡುತ್ತಾರೆ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಒಬ್ಬ ಪೊಲೀಸಿನವನು ಹೆಂಡತಿ ಕೆಲಸ ಮಾಡುವ ಕಚೇರಿಗೆ ಬರುತ್ತಾನೆ, ಕಟ್ಟಡವನ್ನು ಕಳ್ಳರು ಹಿಡಿಯುತ್ತಾರೆ, ಇವನು ಒಬ್ಬನೇ ಹೊಡೆದಾಡುತ್ತಾನೆ. ಕಥೆ ನಡೆಯುವುದು ಹಬ್ಬದ ರಾತ್ರಿ, ಆದ್ದರಿಂದ ಹಬ್ಬದ ಸಿನಿಮಾ ಅಂತ ಒಂದು ಗುಂಪು. ಬಿಡುಗಡೆಯಾದದ್ದು 1988ರ ಜುಲೈನಲ್ಲಿ, ಅದರಲ್ಲಿ ಹಬ್ಬದ ಭಾವವೇ ಇಲ್ಲ ಅಂತ ಇನ್ನೊಂದು ಗುಂಪು. ಮೂರನೆಯವರು, ನಾವು ವರ್ಷಾ ವರ್ಷಾ ಆ ದಿನವೇ ನೋಡುತ್ತೇವೆ, ಅಷ್ಟು ಸಾಕು ಅನ್ನುತ್ತಾರೆ. ಅಂದರೆ ಅಳತೆಗೋಲು ಮೂರು: ಕಥೆ, ಬಿಡುಗಡೆಯ ತಾರೀಖು, ರೂಢಿ.

ಈ ರೂಢಿ ಹೇಗೆ ಹುಟ್ಟುತ್ತದೆ ನೋಡಿ. 1946ರಲ್ಲಿ ಬಂದ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಅಲ್ಲಿನ ಕ್ರಿಸ್‌ಮಸ್ ಸಿನಿಮಾಗಳ ಹಿರಿಯಣ್ಣ. ಬಡವರಿಗೆ ಮನೆ ಕಟ್ಟಲು ಸಾಲ ಕೊಡುವ ಒಬ್ಬನನ್ನು ಊರಿನ ಸಾಹುಕಾರ ಮುಗಿಸಲು ನೋಡುವ ಕಥೆ ಅದು. ಸಾಹುಕಾರನನ್ನು ಕೇಡಿಗನಾಗಿ ತೋರಿಸಿದೆ, ಇದರಲ್ಲಿ ಕಮ್ಯುನಿಸ್ಟ್ ವಾಸನೆ ಇದೆ ಎಂದು 1947ರಲ್ಲಿ ಎಫ್‌ಬಿಐ ವರದಿಯಲ್ಲಿ ಬರೆದರು. ಬಿಡುಗಡೆಯಾದಾಗ ಚಿತ್ರ ಹಾಕಿದ ಹಣವನ್ನೂ ತರಲಿಲ್ಲ. 1974ರಲ್ಲಿ ಅದರ ಹಕ್ಕನ್ನು ನವೀಕರಿಸದೆ ಬಿಟ್ಟರು. ಪುಕ್ಕಟೆ ಸಿಕ್ಕಿತು ಅಂತ ಟೆಲಿವಿಷನ್ನಿನವರು ಪ್ರತಿ ಡಿಸೆಂಬರಿನಲ್ಲೂ ತೋರಿಸಿದರು. ಹಾಗೆ ಅದು ಮನೆಮನೆಯ ಹಬ್ಬದ ಸಿನಿಮಾ ಆಯಿತು. ಇವತ್ತು ಅದನ್ನು ನೋಡಿ ಕಣ್ಣೊರೆಸಿಕೊಳ್ಳುವವರಿಗೆ ಸಾಹುಕಾರನ ಮೇಲಿನ ಆ ಸಿಟ್ಟು ಎಷ್ಟು ತಟ್ಟುತ್ತದೋ! ಒಂದು ಸಿನಿಮಾದ ಬಂಡಾಯವನ್ನು ನಿಷೇಧಿಸಿಯೇ ಕೊಲ್ಲಬೇಕಾಗಿಲ್ಲ. ಹಬ್ಬದ ಸಿಹಿಯ ಜೊತೆ ಬಡಿಸಿಬಿಟ್ಟರೂ ಆಯಿತು.

ಕಥೆ, ತಾರೀಖು, ರೂಢಿ, ಈ ಮೂರೂ ಅಳತೆಗೋಲುಗಳು ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡಿವೆ. ರಜೆ ಎಲ್ಲರಿಗೂ ಇದೆ ಅಂತ.

ನಮ್ಮ ಕನ್ನಡದ ಚಿತ್ರರಂಗದಲ್ಲಿ ಹಬ್ಬದ ಸಿನಿಮಾ ಅಂದರೆ ಹಬ್ಬಕ್ಕೆ ಬಿಡುಗಡೆಯಾದ ಸಿನಿಮಾ. ಸಂಕ್ರಾಂತಿ, ಯುಗಾದಿ, ವರಮಹಾಲಕ್ಷ್ಮಿ, ದಸರಾ, ದೀಪಾವಳಿ, ಹೀಗೆ ಪಂಚಾಂಗ ಹಿಡಿದು ಥಿಯೇಟರು ಹಂಚಿಕೊಳ್ಳುತ್ತಾರೆ. ನನ್ನ ಬಾಲ್ಯದಲ್ಲಿ ಊರ ಹಬ್ಬ ಅಂದರೆ ನಮ್ಮಪ್ಪನಿಗೆ ದುಡಿಮೆಯ ದಿನ. ಜಾತ್ರೆಯ ಮೂರು ದಿನವೂ ಅವನು ತಮಟೆ ಹಿಡಿದು ಗುಡಿಯ ಹೊರಗೆ ನಿಂತಿರುತ್ತಿದ್ದ. ದೇವರು ಎದ್ದರೆ ಬಾರಿಸಬೇಕು, ಮಲಗಿದರೆ ಬಾರಿಸಬೇಕು. ಅವ್ವ ಗೌಡರ ಹಿತ್ತಲಲ್ಲಿ ಸೌದೆ ಒಡೆದು, ಎಂಜಲೆಲೆ ಬಳಿದು, ಕತ್ತಲಾದ ಮೇಲೆ ಮಡಿಲಲ್ಲಿ ತಂಗಳು ಕಟ್ಟಿಕೊಂಡು ಬರುತ್ತಿದ್ದಳು. ಊರಿಗೆ ಹಬ್ಬ ಮುಗಿದ ಮಾರನೇ ದಿನ ನಮಗೆ ಹಬ್ಬ. ಆವತ್ತು ಅಪ್ಪನ ಕೈಗೆ ಬಂದ ಕಾಸಿನಲ್ಲಿ ನಾವು ಟೆಂಟಿಗೆ ಹೋಗುತ್ತಿದ್ದೆವು. ನೆಲದ ಟಿಕೇಟು. ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಹಿಂದಿನವರು ಬೈಯುತ್ತಿದ್ದರು, ಆದರೆ ಯಾರ ಮಗ ಅಂತ ಕೇಳುತ್ತಿರಲಿಲ್ಲ. ಕತ್ತಲಾದ ಮೇಲೆ ಟೆಂಟಿನಲ್ಲಿ ಜಾತಿ ಅಷ್ಟಾಗಿ ಕಾಣುತ್ತಿರಲಿಲ್ಲ. ದೀಪ ಬಂದಾಗ ಬೆಂಚಿನಲ್ಲಿ ಯಾರು, ನೆಲದಲ್ಲಿ ಯಾರು ಅಂತ ಗೊತ್ತಾಗುತ್ತಿತ್ತು.

ಆ ಟೆಂಟಿನಲ್ಲಿ ನೋಡಿದ್ದು 1965ರ 'ಸತ್ಯ ಹರಿಶ್ಚಂದ್ರ'. ನಾವು ಹುಟ್ಟುವ ಹೊತ್ತಿಗೆ ಬಂದ ಚಿತ್ರ, ಹತ್ತು ವರ್ಷದ ಮೇಲೂ ಟೆಂಟುಗಳಲ್ಲಿ ತಿರುಗುತ್ತಿತ್ತು. ರಾಜಕುಮಾರ್ ಸುಡುಗಾಡಿಗೆ ಬಂದು ನಿಂತಾಗ ಬೆಂಚಿನವರು ಅಳುತ್ತಿದ್ದರು. ಎಂಥ ಅರಸ, ಎಂಥ ಕೆಲಸಕ್ಕೆ ಬಂದ ಅಂತ. ನೆಲದಲ್ಲಿದ್ದ ನಾವು ಕಾಯುತ್ತಿದ್ದದ್ದು ಎಂ.ಪಿ. ಶಂಕರ್ ಅವರ ವೀರಬಾಹುವಿಗೆ. ಅವನು ಬಂದನೆಂದರೆ ಶಿಳ್ಳೆ. ಕುಲದ ಮೇಲು ಕೀಳನ್ನು ಪ್ರಶ್ನಿಸುವ ಆ ಹಾಡು ಬಂದಾಗ ನಮ್ಮಪ್ಪ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಕಥೆ ಮುಗಿದ ಮೇಲೆ ಅರಸನಿಗೆ ಅರಮನೆ ವಾಪಸು ಬರುತ್ತದೆ, ಸುಡುಗಾಡಿನ ಕೆಲಸ ಮಾತ್ರ ಕೇರಿಗೇ ಉಳಿಯುತ್ತದೆ. ಕೆಲವೇ ದಿನ ಮಾಡಿದ ಅರಸನಿಗೆ ಅದು ಸತ್ಯಪರೀಕ್ಷೆ, ತಲೆಮಾರುಗಳಿಂದ ಮಾಡುವವನಿಗೆ ಕುಲಕಸುಬು. ಇದನ್ನು ಹೇಳುವ ಭಾಷೆ ಆಗ ನಮಗಿರಲಿಲ್ಲ. ಆದರೆ ಒಂದೇ ಸಿನಿಮಾವನ್ನು ಬೆಂಚು ಒಂದು ಥರ, ನೆಲ ಒಂದು ಥರ ನೋಡುತ್ತಿತ್ತು. ಹಾಗಾಗಿ ಇದು ಹಬ್ಬದ ಸಿನಿಮಾ, ಇದು ಅಲ್ಲ ಅಂತ ಒಂದೇ ಪಟ್ಟಿ ಮಾಡುವವರನ್ನು ಕಂಡರೆ ನೀವು ಎಲ್ಲಿ ಕೂತು ನೋಡಿದಿರಿ ಸ್ವಾಮಿ ಅಂತ ಕೇಳಬೇಕೆನ್ನಿಸುತ್ತದೆ.

ಈಗ ಹುಡುಗರ 'ಕೆಜಿಎಫ್'ಗೆ ಬರೋಣ. ಅದರ ಎರಡನೇ ಭಾಗ ಬಿಡುಗಡೆಯಾದದ್ದು 2022ರ ಏಪ್ರಿಲ್ 14ರಂದು. ಗುರುವಾರ. ಅವತ್ತು ಮಹಾವೀರ ಜಯಂತಿ, ತಮಿಳರ ಹೊಸ ವರ್ಷ, ಮಾರನೇ ದಿನ ಗುಡ್ ಫ್ರೈಡೇ, ಆಮೇಲೆ ಶನಿವಾರ, ಭಾನುವಾರ. ವ್ಯಾಪಾರದ ಲೆಕ್ಕದಲ್ಲಿ ಇಂಥದ್ದು ನಾಲ್ಕು ದಿನದ ಬಂಪರ್ ರಜೆ. ಅದೇ ದಿನ ಬಾಬಾಸಾಹೇಬರ ಜಯಂತಿಯೂ ಹೌದು. ಆ ತಾರೀಖು ಸರ್ಕಾರಿ ರಜೆಯ ಪಟ್ಟಿಗೆ ಸೇರಲು ಎಷ್ಟು ಊರುಗಳಲ್ಲಿ ಎಷ್ಟು ಜನ ಮೆರವಣಿಗೆ ಮಾಡಿದರು, ಫೋಟೋ ಇಟ್ಟಿದ್ದಕ್ಕೆ ಎಷ್ಟು ಜನ ಏಟು ತಿಂದರು! ಹಾಗೆ ಗಳಿಸಿದ ರಜೆ ಬಂಡವಾಳಕ್ಕೆ ಒಂದು ಓಪನಿಂಗ್ ಡೇ ಆಗಿ ಒದಗಿತು. ಅದು ಪಿತೂರಿ ಎಂದು ನಾನು ಹೇಳುತ್ತಿಲ್ಲ. ಮಾರುಕಟ್ಟೆಗೆ ಪಿತೂರಿ ಬೇಕಾಗಿಲ್ಲ, ಕ್ಯಾಲೆಂಡರಿನ ಕೆಂಪು ಅಂಕಿ ಸಾಕು.

ಸಿನಿಮಾದೊಳಗೆ ಏನಿದೆ? ನರಾಚಿ ಎಂಬ ಕಲ್ಪಿತ ಗಣಿ. ಅಲ್ಲಿ ಜನರನ್ನು ಜೀತಕ್ಕೆ ಕೂಡಿ ಹಾಕಿದ್ದಾರೆ. ಮುಖಕ್ಕೆ ಮಸಿ, ಬಾಯಿಗೆ ಮಾತಿಲ್ಲ. ಹೊರಗಿನಿಂದ ಒಬ್ಬ ವೀರ ಬರುತ್ತಾನೆ, ಒಡೆಯನನ್ನು ಕೊಲ್ಲುತ್ತಾನೆ, ತಾನೇ ಒಡೆಯನಾಗುತ್ತಾನೆ. ಜನ ಮೊದಲು ಹೆದರಿ ತಲೆ ಬಾಗಿಸುತ್ತಿದ್ದರು, ಆಮೇಲೆ ಪ್ರೀತಿಯಿಂದ ತಲೆ ಬಾಗಿಸುತ್ತಾರೆ. ಕೊನೆಗೆ ಚಿನ್ನವೆಲ್ಲ ನಾಯಕನ ಜೊತೆ ಕಡಲ ತಳ ಸೇರುತ್ತದೆ, ತೆಗೆದವರ ಕೈಗೆ ಬರುವುದಿಲ್ಲ.

ನಿಜವಾದ ಗಣಿಯ ಕಥೆ ಬೇರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಅಗೆಯಲು ಶುರು ಮಾಡಿದಾಗ ಸುರಂಗಕ್ಕೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯ ಹೊಲಗೇರಿಗಳಿಂದ ಬಂದವರು. ಊರಿನಲ್ಲಿ ಮಿರಾಸುದಾರನ ಜೀತಕ್ಕಿಂತ ಭೂಮಿಯೊಳಗಿನ ಕತ್ತಲೆ ವಾಸಿ ಅಂತ ಬಂದವರು. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲು ಗಣಿಗೆ ಬಂತು, ಅದು ಯಂತ್ರಗಳಿಗಾಗಿ ಬಂದದ್ದು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ ಹೋಯಿತು. ಆ ಆಳದ ಶಾಖದಲ್ಲಿ ಕಲ್ಲಿನ ದೂಳು ಕುಡಿದು ಎದೆ ಕಲ್ಲಾಗಿ ಸತ್ತವರ ಮಕ್ಕಳು, ಮೊಮ್ಮಕ್ಕಳು ಇವತ್ತೂ ಲೈನು ಮನೆಗಳಲ್ಲಿದ್ದಾರೆ. ಈ ಜನ ಮಾತಿಲ್ಲದವರಾಗಿರಲಿಲ್ಲ. 1930ರಲ್ಲಿ ಕಂಪನಿ ಎಲ್ಲರ ಬೆರಳಚ್ಚು ತೆಗೆಯುತ್ತೇವೆ ಅಂದಾಗ ನಾವೇನು ಕಳ್ಳರಾ ಅಂತ ಮುಷ್ಕರ ಹೂಡಿ ಗಣಿ ನಿಲ್ಲಿಸಿದರು. ಅದಕ್ಕೂ ಮೊದಲೇ, ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಅಯೋತಿ ದಾಸರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಳ್ಳುವುದಕ್ಕೆ ಸುಮಾರು ಐವತ್ತು ವರ್ಷ ಮೊದಲು ನಮ್ಮ ಗಣಿಯ ಜನ ಬುದ್ಧನ ಮಾತಾಡುತ್ತಿದ್ದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಉಳಿದದ್ದು ಸೈನೈಡ್ ದಿಬ್ಬ. ಸಿನಿಮಾದವರು ಬಂದು ಚಿತ್ರೀಕರಣ ಮಾಡಿದ್ದೂ ಆ ದಿಬ್ಬಗಳ ಮೇಲೆಯೇ.

ಇದನ್ನೆಲ್ಲ ನಾನು ಮೀಟಿಂಗಿನಲ್ಲಿ ಹೇಳಿದೆ. ಆಗ ಆ ಹುಡುಗ ಹೇಳಿದ್ದನ್ನು ಇಲ್ಲಿ ಬರೆಯದಿದ್ದರೆ ನನ್ನ ವಿಮರ್ಶೆ ಸುಳ್ಳಾಗುತ್ತದೆ. "ಮಾವಾ, ನಮ್ ತಾತ ಅದೇ ಗಣೀಲಿ ಕೆಮ್ಮಿ ಕೆಮ್ಮಿ ಸತ್ತ. ನೀನು ಹೇಳಿದ್ದೆಲ್ಲ ನಿಜಾನೇ. ಆದ್ರೆ ಒಬ್ಬ ಬಡವಿ ಮಗ ಯಾರ್ಗೂ ತಲೆ ಬಗ್ಗಿಸ್ದೆ ನಿಂತ್ಕೊಂಡ್ರೆ ನಂಗೆ ಖುಷಿ ಆಗುತ್ತೆ. ಅದನ್ನ ಯಾಕ್ ಕಿತ್ಕೊಳ್ತೀಯಾ?"

ಈ ಖುಷಿಯನ್ನು ಹಗುರವಾಗಿ ನೋಡುವ ವಿಮರ್ಶಕರು ನಮ್ಮಲ್ಲಿದ್ದಾರೆ. ಅದು ಮೇಲಿನವರ ಚಾಳಿ. ವೀರಬಾಹುವಿಗೆ ಶಿಳ್ಳೆ ಹೊಡೆದ ನಾನು ರಾಕಿಗೆ ಶಿಳ್ಳೆ ಹೊಡೆಯುವವನನ್ನು ಬೈಯುವುದು ಹೇಗೆ? ಹುಡುಗನ ಹಸಿವು ನಿಜ. ಆ ಹಸಿವಿಗೆ ಬಡಿಸಿದ್ದೇನು ಅಂತ ಕೇಳುವುದಷ್ಟೇ ನನ್ನ ಕೆಲಸ. ಅವನ ತಾತ ಮುಷ್ಕರ ಮಾಡಿದವರ ವಂಶ. ಸಿನಿಮಾ ಅವನಿಗೆ ತಾತನನ್ನು ಮೂಕನಾಗಿ ತೋರಿಸಿ, ಖುಷಿಪಡಲು ಹೊರಗಿನವನೊಬ್ಬನನ್ನು ಕೊಟ್ಟಿದೆ.

ಅದೇ ಚಿನ್ನದ ನೆಲದ ಮೇಲೆ ಇನ್ನೊಂದು ಚಿತ್ರ ಬಂತು. ಪಾ. ರಂಜಿತ್ ಅವರ 'ತಂಗಲಾನ್'. ಅದೂ ರಜೆಗೇ ಬಂದದ್ದು, 2024ರ ಆಗಸ್ಟ್ 15ಕ್ಕೆ. ಅದರಲ್ಲಿ ಚಿನ್ನ ಹುಡುಕಲು ಹೋಗುವವರಿಗೆ ಊರಿದೆ, ಕುಲವಿದೆ, ಜಮೀನು ಕಳೆದುಕೊಂಡ ನೆನಪಿದೆ. ತಲೆ ಕಡಿದ ಬುದ್ಧನ ವಿಗ್ರಹವಿದೆ. ಹೆಂಗಸರು ಮೊದಲ ಬಾರಿಗೆ ರವಿಕೆ ತೊಟ್ಟು ನಗುವ ದೃಶ್ಯವಿದೆ. ಅದನ್ನು ನೋಡಿ ನಮ್ಮ ಅಜ್ಜಿಯರ ವಯಸ್ಸಿನವರು ಏನೂ ಮಾತಾಡದೆ ಕೂತುಬಿಟ್ಟರು. ಸ್ವಾತಂತ್ರ್ಯದ ದಿನ ಯಾರ ಸ್ವಾತಂತ್ರ್ಯ ಅಂತ ಕೇಳಿದ ಚಿತ್ರ ಅದು. ಆದರೆ ಕನಸು, ಮಾಟ, ಹಾವು, ಹಿಂದಿನ ಜನ್ಮ ಎಲ್ಲ ಒಂದರೊಳಗೊಂದು ಹೆಣೆದುಕೊಂಡು, ಎರಡನೇ ಅರ್ಧದಲ್ಲಿ ದಾರಿ ತಪ್ಪುತ್ತದೆ. ಹುಡುಗರು "ಅರ್ಥ ಆಗಲ್ಲ ಮಾವಾ" ಅಂದರೆ ಅದನ್ನೂ ಕೇಳಿಸಿಕೊಳ್ಳಬೇಕು. ನಮ್ಮವರು ಮಾಡಿದ್ದು ಅಂತ ಎಲ್ಲವನ್ನೂ ಹೊಗಳುವುದು ವಿಮರ್ಶೆಯಲ್ಲ.

ಉಳಿದವುಗಳ ಮಾತು ಬೇಗ ಮುಗಿಸುತ್ತೇನೆ. ಜಬ್ಬಾರ್ ಪಟೇಲರ ಚಿತ್ರ 2000ದಲ್ಲಿ ಬಂದದ್ದು, ಮಮ್ಮುಟ್ಟಿ ಅಭಿನಯ, ಮೂಲ ಇಂಗ್ಲಿಷಿನದು. ಸರ್ಕಾರದ ದುಡ್ಡಿನಲ್ಲಿ ಆದ ಚಿತ್ರ ಜನರನ್ನು ಮುಟ್ಟಲು ಸರ್ಕಾರಿ ವೇಗದಲ್ಲೇ ಹೋಯಿತು. ತಮಿಳಿನಲ್ಲಿ ಥಿಯೇಟರಿಗೆ ಬರಲು 2010ರ ಡಿಸೆಂಬರ್ ಆಗಬೇಕಾಯಿತು. ಅದು ಗೌರವದ ಚಿತ್ರ, ಹಿರಿಯರ ಭಕ್ತಿ ನನಗೆ ಅರ್ಥವಾಗುತ್ತದೆ. ಆದರೆ ಮೂರು ಗಂಟೆಯ ಪಾಠವನ್ನು ಹಬ್ಬದೂಟ ಉಂಡು ಬಂದ ಮಕ್ಕಳ ಮುಂದಿಟ್ಟರೆ ಮಕ್ಕಳು ನಿದ್ದೆ ಹೋಗುತ್ತವೆ. ಬಾಬಾಸಾಹೇಬರನ್ನು ಮಲಗಿಸುವ ಕಥೆ ಮಾಡಬಾರದು.

'ಚೋಮನ ದುಡಿ' 1975ರದು. ಕಾರಂತರ ಕಾದಂಬರಿಯನ್ನು ಬಿ.ವಿ. ಕಾರಂತರು ತೆರೆಗೆ ತಂದರು, ಸ್ವರ್ಣ ಕಮಲ ಬಂತು, ಚೋಮನಾದ ವಾಸುದೇವ ರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಟೆಂಟಿಗೆ ಮಾತ್ರ ಅದು ಬಂದ ನೆನಪು ನನಗಿಲ್ಲ. ನಮ್ಮಪ್ಪನ ತಮಟೆ ಊರ ದೇವರಿಗೆ ಬಾರಿಸಿದ್ದು, ಚೋಮನ ದುಡಿ ಅವನ ಗುಡಿಸಲಿನಲ್ಲಿ ಅವನಿಗಾಗಿಯೇ ಬಾರಿಸಿದ್ದು. ಆ ಒಂದು ಕಾರಣಕ್ಕೆ ಅದು ನನಗೆ ದೊಡ್ಡ ಚಿತ್ರ. ಆದರೂ ಹುಡುಗನ ಪ್ರಶ್ನೆಯಲ್ಲಿ ಹುರುಳಿದೆ. ಬೇಸಾಯದ ಆಸೆ ಕೈಗೂಡದೆ ಚೋಮ ಸಾಯುತ್ತಾನೆ, ನೋಡಿದ ಮೇಲುಜಾತಿಯ ಪ್ರೇಕ್ಷಕ ಕಣ್ಣೀರು ಹಾಕಿ ಹಗುರಾಗುತ್ತಾನೆ. ನಮ್ಮ ಸಾವು ಅವರಿಗೆ ಕಲೆ. ಸತ್ತ ದಲಿತನನ್ನು ಮೆಚ್ಚುವುದು ಈ ದೇಶದಲ್ಲಿ ಸುಲಭ. ಇಂಥ ಚಿತ್ರಗಳನ್ನು ನಾವು ಓದಬೇಕು, ಚರ್ಚಿಸಬೇಕು, ಆದರೆ ವರ್ಷಕ್ಕೊಮ್ಮೆ ಹೊಸ ಬಟ್ಟೆ ಹಾಕಿದ ದಿನವೂ ಅಳಬೇಕೆಂದು ನಿಯಮ ಯಾಕೆ?

ದಸರೆಯ ಮಾತೂ ಒಂದಿದೆ. 1956ರ ಅಕ್ಟೋಬರ್ 14, ಲಕ್ಷಾಂತರ ಜನರೊಂದಿಗೆ ಬಾಬಾಸಾಹೇಬರು ಬುದ್ಧನ ದಾರಿ ಹಿಡಿದ ದಿನ, ವಿಜಯದಶಮಿಯೇ ಆಗಿತ್ತು. 2025ರ ವಿಜಯದಶಮಿ ಅಕ್ಟೋಬರ್ 2ರ ಗಾಂಧಿ ಜಯಂತಿಯ ದಿನವೇ ಬಿತ್ತು. ಆ ದಿನಕ್ಕೆ ಬಂದದ್ದು 'ಕಾಂತಾರ ಚಾಪ್ಟರ್ 1'. 2022ರ ಮೊದಲ 'ಕಾಂತಾರ'ವೂ ದಸರೆಯ ಹೊತ್ತಿನದೇ. ತುಳುನಾಡಿನಲ್ಲಿ ದೈವ ಕಟ್ಟುವ ನಲಿಕೆ, ಪಂಬದ, ಪರವರು ಪರಿಶಿಷ್ಟ ಜಾತಿಯವರು. ಕೋಲದ ರಾತ್ರಿ ಅವರ ಕಾಲಿಗೆ ಬೀಳುವವರು ಬೆಳಗಾದರೆ ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸುತ್ತಾರೆ. ಆ ಬೆಳಗನ್ನು ತೋರಿಸುವ ಹಬ್ಬದ ಸಿನಿಮಾ ಬರುವ ತನಕ, ಕೂಗಿಗೆ ಮೈ ಜುಮ್ಮೆಂದಿತು ಅನ್ನುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ.

ಕೊನೆಗೆ ಅಕ್ಕ ಹೇಳಿದ 'ಜೈ ಭೀಮ್'. ಅದು 2021ರ ನವೆಂಬರ್ 2ರಂದು, ದೀಪಾವಳಿಗೆ ಎರಡು ದಿನ ಮುಂಚೆ ಬಂತು. ವ್ಯಾಪಾರದ ಭಾಷೆಯಲ್ಲಿ ಅದೂ ಹಬ್ಬದ ಸಿನಿಮಾನೇ. ಮನೆಮಂದಿ ಸಿಹಿ ತಿನ್ನುತ್ತಾ ನೋಡಲಿ ಅಂತ ಬಿಟ್ಟ ಚಿತ್ರದಲ್ಲಿ ಪೊಲೀಸ್ ಠಾಣೆಯ ಲಾಕಪ್ಪಿನ ಸಾವಿತ್ತು. ದೋಷ ಇಲ್ಲವೆಂದಲ್ಲ. 1993ರ ನಿಜ ಘಟನೆಯಲ್ಲಿ ಸತ್ತ ರಾಜಾಕಣ್ಣು ಕುರವ ಸಮುದಾಯದವರು, ಚಿತ್ರ ಅವರನ್ನು ಇರುಳರನ್ನಾಗಿ ಮಾಡಿತು. ಒಂದು ನೊಂದ ಜನದ ಹೆಸರು ಅಳಿಸಿ ಇನ್ನೊಂದು ನೊಂದ ಜನದ ಹೆಸರು ಬರೆಯುವುದು ಸರಿಯಲ್ಲ. ವಕೀಲನೇ ಕಥೆಯ ಹೆಚ್ಚಿನ ಭಾಗ ತುಂಬಿಕೊಳ್ಳುತ್ತಾನೆ, ಅದೂ ಸರಿಯಲ್ಲ. ಆದರೆ ತುಂಬು ಬಸುರಿ ಸೆಂಗೇಣಿ ದೊಡ್ಡ ಅಧಿಕಾರಿಯ ಮುಂದೆ ಕೂತು, ರಾಜಿಯ ದುಡ್ಡು ಬೇಡ ಅನ್ನುತ್ತಾಳೆ. ಕೊನೆಯಲ್ಲಿ ಅವಳ ಮಗಳು ವಕೀಲನ ಎದುರು ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಪೇಪರ್ ಹಿಡಿಯುತ್ತಾಳೆ. ಈ ಎರಡು ದೃಶ್ಯಕ್ಕೆ ನಮ್ಮ ಕೇರಿಯ ಹೆಂಗಸರು ಏನು ಮಾಡುತ್ತಾರೆ ನೋಡಬೇಕೆಂದು ನನಗೂ ಆಸೆಯಾಯಿತು. ತಮಿಳಿನ ಚಿತ್ರ, ಆದರೆ ಗಣಿಯ ಸುತ್ತ ಯಾರಿಗೆ ತಮಿಳು ಬಾರದು?

ಜಯಂತಿಯ ದಿನ ಬೆಳಿಗ್ಗೆ ಐದಕ್ಕೆ ಎದ್ದು ಪಟ್ಟಣಕ್ಕೆ ಹೋದೆ. ಹಾರ ಹಾಕಲು ದೊಡ್ಡವರು ಬರುವ ಮೊದಲು ಪ್ರತಿಮೆಯ ಸುತ್ತ ಕಸ ಗುಡಿಸುತ್ತಿದ್ದವರು ನಮ್ಮ ಜನವೇ. ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ, ಅವರ ಕೈಯಲ್ಲಿ ಪೊರಕೆ. ಹಬ್ಬದ ಸಿನಿಮಾ ಓಡುವ ಮಾಲುಗಳಲ್ಲಿ ಒಂದು ಆಟಕ್ಕೂ ಇನ್ನೊಂದು ಆಟಕ್ಕೂ ನಡುವೆ ಕತ್ತಲಲ್ಲಿ ಪಾಪ್‌ಕಾರ್ನ್ ಬಳಿಯುವವರಿಗೂ ಅವತ್ತು ದುಪ್ಪಟ್ಟು ಕೆಲಸ. ಇದನ್ನೆಲ್ಲ ಬರೆದು ಊರವರನ್ನು ಬೈಯುವುದು ನಮಗೆ ರೂಢಿಯಾಗಿದೆ. ಆದರೆ ಅವತ್ತು ರಾತ್ರಿ ನಮ್ಮ ಕೇರಿಯಲ್ಲೇ, ಗಂಡಸರೆಲ್ಲ ಉಂಡು ಎಲೆಯಡಿಕೆ ಹಾಕಿ ಪರದೆಯ ಮುಂದೆ ಜಾಗ ಹಿಡಿದು ಕೂತಿದ್ದರು, ಹಿಂದೆ ನಲ್ಲಿಯ ಹತ್ತಿರ ಹೆಂಗಸರು ಹಂಡೆ ತಿಕ್ಕುತ್ತಿದ್ದರು. ನಮ್ಮವ್ವ ಗೌಡರ ಹಿತ್ತಲಲ್ಲಿ ಮಾಡಿದ್ದು ಅದೇ ಕೆಲಸ. ಹಿತ್ತಲು ಮಾತ್ರ ನಮ್ಮದಾಗಿತ್ತು.

ಮೊದಲು ಎದ್ದವನು ಆ 'ಕೆಜಿಎಫ್' ಹುಡುಗ. ಹೋಗಿ ಒಂದು ಹಂಡೆ ಹಿಡಿದ. ಅವನ ಹಿಂದೆ ನಾಲ್ಕು ಜನ ಹೋದರು, ಮೇಷ್ಟ್ರೂ ಹೋದರು, ನಾಚಿಕೆಯಾಗಿ ನಾನೂ ಹೋದೆ. ಸಿನಿಮಾ ಶುರುವಾದದ್ದು ಹತ್ತೂವರೆಗೆ. ಸೆಂಗೇಣಿ ದುಡ್ಡು ಬೇಡ ಅಂದಾಗ ಹಿಂದಿನಿಂದ ಒಂದು ಶಿಳ್ಳೆ ಬಂತು. ಹೆಂಗಸರ ಕಡೆಯಿಂದ ಬಂದದ್ದು, ಯಾರು ಅಂತ ಯಾರೂ ಹೇಳಲಿಲ್ಲ.

ಯಾವುದು ರಜೆಯ ಸಿನಿಮಾ ಅಂತ ನನ್ನನ್ನು ಕೇಳಿದರೆ ಕಥೆಯನ್ನೂ ತಾರೀಖನ್ನೂ ರೂಢಿಯನ್ನೂ ಆಮೇಲೆ ನೋಡುತ್ತೇನೆ. ಅದನ್ನು ಮೊದಲಿನಿಂದ ನೋಡಲು ಯಾರಿಗೆ ಬಿಡುವು ಸಿಕ್ಕಿತು, ನೋಡಿ ಎದ್ದಾಗ ಅವರ ಬೆನ್ನು ಹೇಗಿತ್ತು, ಇವೆರಡನ್ನು ಮೊದಲು ಕೇಳುತ್ತೇನೆ. ಬೇರೆ ಬೇರೆ ಕೇರಿಗಳ ಗೆಳೆಯರು ತಮ್ಮಲ್ಲಿ ಯಾವ ಚಿತ್ರ ಹಾಕಿದರು, ಯಾರು ನೋಡಿದರು, ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಬರೆದು ತಿಳಿಸಲಿ. ಮುಂದಿನ ಏಪ್ರಿಲ್ಲಿಗೂ ನಮ್ಮಲ್ಲಿ ಜಗಳ ಇದ್ದೇ ಇರುತ್ತದೆ. ಹುಡುಗರು ಈಗಲೇ ಇನ್ನೊಂದು ಹೆಸರು ಹೇಳುತ್ತಿದ್ದಾರೆ. ಹೇಳಲಿ. ಪಾತ್ರೆ ತೊಳೆಯುವ ಸರದಿ ಮಾತ್ರ ಮೊದಲೇ ಬರೆದಿಟ್ಟಿದ್ದೇವೆ, ಅದರಲ್ಲಿ ನನ್ನ ಹೆಸರೂ ಇದೆ.